ಹೌದು, ಇಲ್ಲ, ಗೈರು

ಶಾಸಕನ ಭಾಷಣ ಕೇಳಿ ಮೆಚ್ಚುವುದು ಸುಲಭ. ಅವನು ಹಾಕಿದ ಮತಗಳನ್ನು ನೋಡಿ ಮೆಚ್ಚುವುದು ಕಷ್ಟ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ ಮೇಲೂ ಮೆಚ್ಚುಗೆ ಉಳಿಸಿಕೊಳ್ಳಬೇಕೆಂದರೆ ಅದಕ್ಕೆ ತಪಸ್ಸೇ ಬೇಕು. ಅಮೆರಿಕದ ಅರಿಜೋನಾ ರಾಜ್ಯದಿಂದ 1987ರಲ್ಲಿ ಸೆನೆಟ್ ಪ್ರವೇಶಿಸಿ, 2018ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ ರಿಪಬ್ಲಿಕನ್ ಜಾನ್ ಮೆಕೇನ್ ಅಂಥ ತಪಸ್ಸಿಗೆ ಒಳ್ಳೆಯ ವಸ್ತು. ತೆರಿಗೆ ಮತ್ತು ಆರೋಗ್ಯ, ಈ ಎರಡೇ ವಿಷಯ ಹಿಡಿದು ಹೊರಟರೂ ಅವರು ಒಂದು ಕಡೆ ಕೈಗೆ ಸಿಗುತ್ತಾರೆ, ಇನ್ನೊಂದು ಕಡೆ ಜಾರುತ್ತಾರೆ.

*

ಸೆನೆಟ್‌ನಲ್ಲಿ ಗುಮಾಸ್ತ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾನೆ. ಹೌದು, ಇಲ್ಲ, ಗೈರು ಎಂದು ಗುರುತು ಬೀಳುತ್ತದೆ. ಅನುಮಾನಕ್ಕೆ ಅಲ್ಲಿ ಕಾಲಂ ಇಲ್ಲ.

*

2017ರ ಜುಲೈ 28, ನಡುರಾತ್ರಿ ಕಳೆದು ಒಂದೂವರೆ ಗಂಟೆಯ ಸುಮಾರು. ಜನ ಒಬಾಮಾಕೇರ್ ಎಂದು ಕರೆಯುವ 2010ರ ಆರೋಗ್ಯ ವಿಮಾ ಕಾಯ್ದೆಯ ಮುಖ್ಯ ಕಂಬಗಳನ್ನು ಕಳಚುವ ಮಸೂದೆ ಮತಕ್ಕೆ ಬಂದಿತ್ತು. ಮೆಕೇನ್ ತಲೆಗೆ ಶಸ್ತ್ರಚಿಕಿತ್ಸೆ ಆಗಿ ಎರಡು ವಾರ, ಮೆದುಳಿನ ಕ್ಯಾನ್ಸರ್ ಎಂದು ಲೋಕಕ್ಕೆ ಗೊತ್ತಾಗಿ ಹತ್ತು ದಿನವೂ ಆಗಿರಲಿಲ್ಲ. ಎಡಗಣ್ಣಿನ ಮೇಲೆ ಗಾಯದ ಗುರುತು ಕಾಣುತ್ತಿತ್ತು. ಗುಮಾಸ್ತನ ಮೇಜಿನ ಮುಂದೆ ಬಂದು ಕೈ ಎತ್ತಿದರು, ಒಂದು ಗಳಿಗೆ ತಡೆದರು, ಹೆಬ್ಬೆರಳನ್ನು ಕೆಳಕ್ಕೆ ಮಾಡಿದರು. ಅವರದೇ ಪಕ್ಷದ ನಾಯಕ ಮಿಚ್ ಮೆಕಾನಲ್ ಕೈಕಟ್ಟಿಕೊಂಡು ನೋಡುತ್ತಿದ್ದರು. ಡೆಮಾಕ್ರಟರ ಕಡೆಯಿಂದ ಚಪ್ಪಾಳೆ ಏಳುತ್ತಿದ್ದಂತೆ ಅವರ ನಾಯಕ ಚಕ್ ಶೂಮರ್ ಸುಮ್ಮನಿರಿ ಎಂದು ಕೈಬೀಸಿದರು. ಎಣಿಕೆ 49–51. ಮಸೂದೆ ಬಿತ್ತು.

*

ಆ ಹೆಬ್ಬೆರಳನ್ನು ನೆನಪಿಟ್ಟುಕೊಂಡವರಿಗೆ ಮೂರು ದಿನ ಹಿಂದಿನ ಮತ ನೆನಪಿಲ್ಲ. ಜುಲೈ 25ರಂದು ಇದೇ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಸೆನೆಟ್ 50–50 ಆಯಿತು. ಉಪಾಧ್ಯಕ್ಷ ಮೈಕ್ ಪೆನ್ಸ್ ತಮ್ಮ ಮತ ಹಾಕಿ ದಾಟಿಸಿದರು. ಆ ಐವತ್ತರಲ್ಲಿ ಒಂದು ಮೆಕೇನ್ ಅವರದು. ಅವರು ಅರಿಜೋನಾದಲ್ಲೇ ವಿಶ್ರಾಂತಿಯಲ್ಲಿದ್ದಿದ್ದರೆ ಜುಲೈ 28ರ ರಾತ್ರಿಯೇ ಬರುತ್ತಿರಲಿಲ್ಲ. ಬಾಗಿಲು ತೆರೆದವರೂ ಅವರೇ, ಹಾಕಿದವರೂ ಅವರೇ. ನಡುವೆ, ತೆರೆದ ದಿನವೇ, ಒಂದು ಭಾಷಣ ಮಾಡಿದರು: ಸಮಿತಿಗೆ ಕಳಿಸಿ, ವಿಚಾರಣೆ ನಡೆಸಿ, ಎರಡೂ ಪಕ್ಷದವರ ತಿದ್ದುಪಡಿ ಕೇಳಿ, ಆಮೇಲೆ ಕಾಯ್ದೆ ಮಾಡಿ ಎಂದು. ಭಾಷಣ ಚೆನ್ನಾಗಿತ್ತು. ಅದಕ್ಕೂ ಮುಂಚೆ ಹಾಕಿದ ಮತ ಆ ಭಾಷಣಕ್ಕೆ ಒಪ್ಪುವಂಥದ್ದಾಗಿರಲಿಲ್ಲ.

*

ಸೂಸನ್ ಕಾಲಿನ್ಸ್ ಮತ್ತು ಲೀಸಾ ಮರ್ಕೌಸ್ಕಿ, ಇಬ್ಬರೂ ರಿಪಬ್ಲಿಕನ್ನರು, ಎರಡೂ ಸಲ ‘ಇಲ್ಲ’ ಎಂದರು. ಅವರ ಹೆಬ್ಬೆರಳಿನ ಚಿತ್ರ ಯಾರ ಬಳಿಯೂ ಇಲ್ಲ. ಮೊದಲಿನಿಂದ ನಿಂತಲ್ಲೇ ನಿಂತವರು ಅಡಿಟಿಪ್ಪಣಿಗೆ ಹೋಗುತ್ತಾರೆ, ಕೊನೆಗೆ ತಿರುಗಿದವನು ತಲೆಬರಹಕ್ಕೆ ಬರುತ್ತಾನೆ.

*

ಕೆಡವುವುದಕ್ಕೆ ‘ಇಲ್ಲ’ ಎಂದವನು ಕಟ್ಟಿದ್ದನ್ನು ಮೆಚ್ಚಿದವನಾಗಬೇಕಿಲ್ಲ. 2009ರ ಡಿಸೆಂಬರ್ 24ರ ಬೆಳಿಗ್ಗೆ ಸೆನೆಟ್ ಅದೇ ಕಾಯ್ದೆಯನ್ನು 60–39ರಲ್ಲಿ ಅಂಗೀಕರಿಸಿದಾಗ ಆ 39ರಲ್ಲಿ ಮೆಕೇನ್ ಇದ್ದರು. 2017ರ ಆ ರಾತ್ರಿಯ ಮರುದಿನವೂ ಅವರಿಗೆ ಆ ಕಾಯ್ದೆ ಹಿಡಿಸಿರಲಿಲ್ಲ. ಅವರಿಗೆ ಚಪ್ಪಾಳೆ ತಟ್ಟಿದವರಲ್ಲಿ ಬಹಳ ಜನ ಇದನ್ನು ಕೇಳಿಸಿಕೊಳ್ಳಲು ಸಿದ್ಧರಿರಲಿಲ್ಲ.

*

ಮತದ ಪಟ್ಟಿಯಲ್ಲಿ ಉತ್ತರ ಮಾತ್ರ ಅಚ್ಚಾಗಿರುತ್ತದೆ. ಪ್ರಶ್ನೆ ಏನಿತ್ತು ಎಂದು ನಾವೇ ಹುಡುಕಿಕೊಂಡು ಹೋಗಬೇಕು.

*

ಕೆಲವೊಮ್ಮೆ ಉತ್ತರವನ್ನೂ ನಂಬುವ ಹಾಗಿಲ್ಲ. ಸೆನೆಟ್‌ನಲ್ಲಿ ಬಹುಮತ ಪಕ್ಷದ ನಾಯಕ ತಾನೇ ತಂದ ಮಸೂದೆ ಸೋಲುವುದು ಖಚಿತವಾದಾಗ ಕೊನೆಯ ಗಳಿಗೆಯಲ್ಲಿ ‘ಇಲ್ಲ’ ಎನ್ನುವುದುಂಟು. ಸೋತವರ ಸಾಲಿನಲ್ಲಿ ನಿಂತವನಿಗೆ ಮರುಪರಿಶೀಲನೆ ಕೇಳುವ ಹಕ್ಕಿಲ್ಲ ಎಂಬ ನಿಯಮಕ್ಕಾಗಿ ಈ ಉಪಾಯ. ಐದು ವರ್ಷದ ನಂತರ ಎದುರಾಳಿಯ ಕರಪತ್ರದಲ್ಲಿ ಆ ‘ಇಲ್ಲ’ ದಪ್ಪಕ್ಷರದಲ್ಲಿ ಬರುತ್ತದೆ, ನಿಯಮ ಬರುವುದಿಲ್ಲ.

*

ಸಂಘಟನೆಗಳು ಶಾಸಕರಿಗೆ ಅಂಕ ಕೊಡುತ್ತವೆ. ತೆರಿಗೆ ವಿರೋಧಿಗಳದೊಂದು ಅಂಕಪಟ್ಟಿ, ಕಾರ್ಮಿಕ ಸಂಘಗಳದು ಇನ್ನೊಂದು. ಯಾವ ಮತಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಆರಿಸುವಾಗಲೇ ಫಲಿತಾಂಶ ಅರ್ಧ ಬರೆದಾಗಿರುತ್ತದೆ. ಪ್ರಶ್ನೆಪತ್ರಿಕೆ ಮಾಡುವವರೂ ಮೌಲ್ಯಮಾಪಕರೂ ಒಬ್ಬರೇ ಆದ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವರನ್ನು ನಾನು ನಂಬುವುದಿಲ್ಲ.

*

ಈಗ ಡಿಸೆಂಬರ್‌ಗೆ ಬರೋಣ. ನನ್ನನ್ನು ಹೆಚ್ಚು ಕಾಡುವುದು ಜುಲೈ ಅಲ್ಲ, ಡಿಸೆಂಬರ್.

ಜುಲೈನಲ್ಲಿ ಬಿದ್ದ ಮಸೂದೆಯ ಮುಖ್ಯ ಅಂಶ, ವಿಮೆ ಕೊಳ್ಳದವರು ಕಟ್ಟಬೇಕಾದ ದಂಡವನ್ನು ತೆಗೆಯುವುದು. ಆ ದಂಡ ಆಗ ಒಬ್ಬ ವಯಸ್ಕನಿಗೆ 695 ಡಾಲರ್, ಇಲ್ಲವೇ ಆದಾಯದ ಶೇಕಡಾ 2.5, ಯಾವುದು ಹೆಚ್ಚೋ ಅದು. ಆರೋಗ್ಯವಂತರೂ ವಿಮೆಯೊಳಗೆ ಬಂದರೆ ಮಾತ್ರ ಕಾಯಿಲೆಯವರ ಪ್ರೀಮಿಯಂ ಕೈಗೆಟುಕುವ ಮಟ್ಟದಲ್ಲಿ ಉಳಿಯುತ್ತದೆ ಎಂಬುದು ಅದರ ಹಿಂದಿನ ತರ್ಕ. 2017ರ ಡಿಸೆಂಬರ್ 2ರ ನಸುಕಿಗೆ ಮುಂಚೆ ಸೆನೆಟ್ ಇನ್ನೊಂದು ಮಸೂದೆಯನ್ನು 51–49ರಲ್ಲಿ ಪಾಸು ಮಾಡಿತು. ಅದರ ಹೆಸರಿನಲ್ಲಿ ಆರೋಗ್ಯವೇ ಇರಲಿಲ್ಲ. ಅದು ತೆರಿಗೆ ಕಡಿತದ ಮಸೂದೆ; ಕೊನೆಗೆ ಕಾಯ್ದೆಯಾದಾಗ ಕಂಪನಿಗಳ ತೆರಿಗೆ ಶೇಕಡಾ 35ರಿಂದ 21ಕ್ಕೆ ಇಳಿಯಿತು. ಅದರ ಒಳಪುಟವೊಂದರಲ್ಲಿ ವಿಮೆಯ ದಂಡವನ್ನು ಸೊನ್ನೆಗೆ ಇಳಿಸುವ ಸಾಲು ಕೂತಿತ್ತು. ಮೆಕೇನ್ ‘ಹೌದು’ ಎಂದರು. ಆ ರಾತ್ರಿ ‘ಇಲ್ಲ’ ಎಂದ ಒಬ್ಬನೇ ರಿಪಬ್ಲಿಕನ್ ಟೆನೆಸಿಯ ಬಾಬ್ ಕಾರ್ಕರ್, ಅವರ ಚಿಂತೆ ವಿತ್ತೀಯ ಕೊರತೆಯದು. ಜುಲೈನಲ್ಲಿ ಕದಲದೆ ನಿಂತಿದ್ದ ಕಾಲಿನ್ಸ್, ಮರ್ಕೌಸ್ಕಿ ಕೂಡ ಈ ಸಲ ‘ಹೌದು’ ಪಟ್ಟಿಯಲ್ಲೇ ಇದ್ದರು.

*

ಆರೋಗ್ಯದ ಬಾಗಿಲಿನಲ್ಲಿ ತಡೆದು ನಿಲ್ಲಿಸಿದ್ದನ್ನು ತೆರಿಗೆಯ ಬಾಗಿಲಿನಿಂದ ಒಳಗೆ ಬಿಟ್ಟರು.

*

ನ್ಯಾಯವಾಗಿ ಹೇಳಬೇಕೆಂದರೆ, ತೆರಿಗೆ ಮಸೂದೆ ಹಣಕಾಸು ಸಮಿತಿಯಲ್ಲಿ ಚರ್ಚೆಯಾಗಿತ್ತು; ಆರೋಗ್ಯದ ಮಸೂದೆಗೆ ಆ ಭಾಗ್ಯವೂ ಇರಲಿಲ್ಲ. ಮೆಕೇನ್ ಆ ವ್ಯತ್ಯಾಸವನ್ನು ಎತ್ತಿ ಹೇಳಿದರು. ಆದರೆ ಕೊನೆಯ ರಾತ್ರಿ ಸೆನೆಟರ್‌ಗಳ ಕೈಗೆ ಬಂದ ಸುಮಾರು ಐನೂರು ಪುಟದ ಪ್ರತಿಯಲ್ಲಿ ಅಂಚಿನಲ್ಲಿ ಪೆನ್ನಿನಲ್ಲಿ ಗೀಚಿದ ತಿದ್ದುಪಡಿಗಳಿದ್ದವು. ಪದ್ಧತಿಯ ಹೆಸರಿನಲ್ಲಿ ಜುಲೈನಲ್ಲಿ ಪ್ರತಿಭಟಿಸಿದವರು ಡಿಸೆಂಬರ್‌ನಲ್ಲಿ ಅಂಚಿನ ಆ ಬರಹವನ್ನು ಸಹಿಸಿಕೊಂಡರು. ಜುಲೈನ ಮತಕ್ಕಾಗಿ ನಾನು ಅವರಿಗೆ ಕೈಮುಗಿಯಬಲ್ಲೆ. ಡಿಸೆಂಬರ್‌ನ ಮತಕ್ಕೆ ವಕಾಲತ್ತು ವಹಿಸಲಾರೆ.

*

ಕಾಂಗ್ರೆಸ್ಸಿನ ಬಜೆಟ್ ಕಚೇರಿ ಎಂಬ ಪಕ್ಷಾತೀತ ಸಂಸ್ಥೆ ಲೆಕ್ಕ ಹಾಕಿ ಹೇಳಿತ್ತು: ದಂಡ ಹೋದರೆ 2027ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ 1.3 ಕೋಟಿಯಷ್ಟು ಹೆಚ್ಚುತ್ತದೆ, ಸರ್ಕಾರಕ್ಕೆ ಹತ್ತು ವರ್ಷದಲ್ಲಿ 338 ಬಿಲಿಯನ್ ಡಾಲರ್ ಉಳಿಯುತ್ತದೆ. ದಂಡದ ಆದಾಯ ಹೋದ ಮೇಲೂ ಉಳಿತಾಯ ಹೇಗೆ? ವಿಮೆ ಬಿಟ್ಟವರಿಗೆ ಸಬ್ಸಿಡಿ ಕೊಡಬೇಕಾಗಿಲ್ಲವಲ್ಲ. ಮೊದಲ ಸಂಖ್ಯೆ ಆಮೇಲಿನ ಅಂದಾಜುಗಳಲ್ಲಿ ಕೆಳಗಿಳಿಯಿತು. ಆದರೆ ಮತ ಹಾಕುವ ರಾತ್ರಿ ಸೆನೆಟರ್‌ಗಳ ಮುಂದಿದ್ದ ಲೆಕ್ಕ ಇದೇ. ಜನ ವಿಮೆ ಬಿಟ್ಟು ಹೋಗುವುದನ್ನು ಜಮಾ ಕಾಲಂನಲ್ಲಿ ಬರೆದು, ಅದರ ಎದುರಿಗೆ ಕಂಪನಿಗಳ ತೆರಿಗೆ ಕಡಿತವನ್ನು ಖರ್ಚು ಬರೆದ ಕಿರ್ದಿ ಪುಸ್ತಕವನ್ನು ಓದುವಾಗ, ಇದನ್ನು ಬರೆದವರ್ಯಾರಿಗೂ ಕೈ ನಡುಗಲಿಲ್ಲವೇ ಅನ್ನಿಸುತ್ತದೆ.

*

ಅಮೆರಿಕದ ಆರೋಗ್ಯ ನೀತಿಯನ್ನು ಹುಡುಕುವವರು ಆಸ್ಪತ್ರೆಗೆ ಹೋಗಬೇಡಿ, ತೆರಿಗೆ ಕಾಯ್ದೆ ತೆರೆಯಿರಿ.

*

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಲ್ಲಿ ಸಂಬಳ ಏರಿಸದಂತೆ ಸರ್ಕಾರ ಕಟ್ಟು ಹಾಕಿತು. ಆಳು ಸಿಗದೆ ಒದ್ದಾಡುತ್ತಿದ್ದ ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆಯ ಆಸೆ ತೋರಿಸಿದವು. ಆ ವಿಮೆಯ ಹಣ ನೌಕರನ ಆದಾಯವಲ್ಲ, ಅದಕ್ಕೆ ತೆರಿಗೆ ಇಲ್ಲ ಎಂಬುದು 1954ರ ತೆರಿಗೆ ಸಂಹಿತೆಯಲ್ಲಿ ಗಟ್ಟಿಯಾಯಿತು. ಯುದ್ಧಕಾಲದ ಒಂದು ತಾತ್ಕಾಲಿಕ ಉಪಾಯ ದೇಶದ ಆರೋಗ್ಯ ವ್ಯವಸ್ಥೆಯ ಬೆನ್ನೆಲುಬಾಗಿ ಕೂತಿತು. ಕೆಲಸ ಹೋದರೆ ವೈದ್ಯರೂ ಹೋಗುತ್ತಾರೆ ಎಂಬ ಅಮೆರಿಕದ ಭಯಕ್ಕೆ ಬೇರು ಇಲ್ಲಿದೆ. ಕೆಲಸದ ವೀಸಾ ಮೇಲೆ ಅಲ್ಲಿಗೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಇದು ಮೊದಲ ಲೇಆಫ್ ಸುದ್ದಿ ಕಿವಿಗೆ ಬಿದ್ದ ದಿನವೇ ಗೊತ್ತಾಗುತ್ತದೆ.

*

2008ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ ಮೆಕೇನ್ ಈ ಬೆನ್ನೆಲುಬಿಗೇ ಕೈ ಹಾಕಲು ಹೊರಟರು. ಕಂಪನಿ ಕೊಡುವ ವಿಮೆಗಿದ್ದ ಆದಾಯ ತೆರಿಗೆ ವಿನಾಯಿತಿ ತೆಗೆಯುವುದು, ಬದಲಿಗೆ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ತೆರಿಗೆ ರಿಯಾಯಿತಿ ಕೊಟ್ಟು ಅವರವರೇ ವಿಮೆ ಕೊಳ್ಳುವಂತೆ ಮಾಡುವುದು. ನಿಮ್ಮ ಆರೋಗ್ಯ ವಿಮೆಗೆ ತೆರಿಗೆ ಹಾಕುತ್ತಾರಂತೆ ಎಂದು ಒಬಾಮಾ ಪಕ್ಷದವರು ಜಾಹೀರಾತಿನ ಮೇಲೆ ಜಾಹೀರಾತು ಹೊಡೆದರು. ಗೆದ್ದ ಮೇಲೆ ಒಬಾಮಾ ಸಹಿ ಹಾಕಿದ ಕಾಯ್ದೆಯಲ್ಲಿ ದುಬಾರಿ ವಿಮೆಗಳ ಮೇಲೆ ಶೇಕಡಾ 40ರ ತೆರಿಗೆ ಇತ್ತು. ಕ್ಯಾಡಿಲಾಕ್ ತೆರಿಗೆ ಎಂದು ಅದಕ್ಕೆ ಹೆಸರು. ಅದನ್ನು ಎರಡೂ ಪಕ್ಷದವರು ಕೂಡಿಕೊಂಡೇ ಮುಂದೂಡುತ್ತಾ ಬಂದರು, 2019ರ ಕೊನೆಗೆ ರದ್ದು ಮಾಡಿದರು. ಒಂದು ಡಾಲರ್ ಕೂಡ ವಸೂಲಾಗಲಿಲ್ಲ. ಎದುರಾಳಿಯ ಬಾಯಲ್ಲಿ ಪಾಪವಾಗಿದ್ದದ್ದು ನಮ್ಮ ಕೈಯಲ್ಲಿ ಸುಧಾರಣೆ, ಇಬ್ಬರ ಕೈಯಲ್ಲೂ ಕೊನೆಗೆ ಅನಾಥ.

*

ತೆರಿಗೆ ಇಳಿಸುವುದನ್ನು ವಿರೋಧಿಸಲು ಒಂದು ಬಗೆಯ ಎದೆಗಾರಿಕೆ ಬೇಕು. ಇಳಿಸಿದ್ದನ್ನು ಮತ್ತೆ ಏರಿಸಲು ಬೇಕಾದ ಎದೆಗಾರಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

*

ಬುಷ್ ಸರ್ಕಾರದ ತೆರಿಗೆ ಕಡಿತ 2001ರಲ್ಲಿ ಬಂದಾಗ, ಲಾಭವೆಲ್ಲ ಉಳ್ಳವರ ಕಡೆಗೇ ವಾಲಿದೆ ಎಂದು ಮೆಕೇನ್ ‘ಇಲ್ಲ’ ಎಂದರು. ರಿಪಬ್ಲಿಕನ್ನರಲ್ಲಿ ಹಾಗೆ ಎಂದವರು ಅವರು ಮತ್ತು ರೋಡ್ ಐಲೆಂಡಿನ ಲಿಂಕನ್ ಚೇಫಿ, ಇಬ್ಬರೇ. 2003ರಲ್ಲಿ ಎರಡನೆಯ ಕಂತು ಬಂತು. ಇರಾಕ್ ಯುದ್ಧ ಶುರುವಾಗಿದೆ, ಅದರ ಖರ್ಚು ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಈಗ ಖಜಾನೆ ಬರಿದು ಮಾಡುವುದೇ ಎಂಬುದು ಅವರ ವಾದ. ಅವರ ‘ಇಲ್ಲ’ ಸೇರಿ 50–50 ಆಯಿತು. ಉಪಾಧ್ಯಕ್ಷ ಡಿಕ್ ಚೇನಿ ಬಂದು ಮಸೂದೆ ದಾಟಿಸಿದರು. 2006ರಲ್ಲಿ ಆ ಕಡಿತಗಳಲ್ಲಿ ಕೆಲವನ್ನು ಮುಂದುವರಿಸುವ ಪ್ರಶ್ನೆ ಬಂದಾಗ ಮೆಕೇನ್ ‘ಹೌದು’ ಎಂದರು: ಈಗ ನಿಲ್ಲಿಸಿದರೆ ಅದು ತೆರಿಗೆ ಏರಿಸಿದಂತೆ. 2008ರ ಪ್ರಚಾರದಲ್ಲಿ ಅವನ್ನು ಕಾಯಂ ಮಾಡುತ್ತೇನೆ ಎಂದರು.

*

ಯುದ್ಧ 2006ರಲ್ಲೂ ನಡೆಯುತ್ತಿತ್ತು. ಖರ್ಚು ಎಷ್ಟೆಂದು ಅಷ್ಟು ಹೊತ್ತಿಗೆ ಸ್ವಲ್ಪ ಗೊತ್ತೂ ಆಗಿತ್ತು.

*

ಅಭಿಪ್ರಾಯ ಬದಲಿಸುವುದು ತಪ್ಪಲ್ಲ. ಬದಲಾದ ತಾರೀಖಿನ ಪಕ್ಕದಲ್ಲಿ ಚುನಾವಣೆಯ ತಾರೀಖು ಇದ್ದರೆ ಓದುಗ ಕಣ್ಣು ಕಿರಿದು ಮಾಡುವುದೂ ತಪ್ಪಲ್ಲ.

*

ಸಿಗರೇಟಿನ ಕಥೆಯೂ ಇದೆ. 1998ರಲ್ಲಿ ಮೆಕೇನ್ ತಂದ ತಂಬಾಕು ಮಸೂದೆ ಪ್ರತಿ ಪ್ಯಾಕಿನ ಮೇಲೆ 1.10 ಡಾಲರ್ ಹೇರುವುದಿತ್ತು. ಹುಡುಗರು ಸೇದುವುದು ಕಡಿಮೆಯಾಗಲಿ ಎಂಬುದು ಅವರ ಉದ್ದೇಶ. ಕಂಪನಿಗಳು ಕೋಟಿಗಟ್ಟಲೆ ಸುರಿದು, ಇದು ಬಡವನ ಮೇಲೆ ತೆರಿಗೆ ಎಂದು ಟಿವಿಯಲ್ಲಿ ಸಾರಿದವು. ಮೆಕೇನ್ ಪಕ್ಷದವರೇ ಅಡ್ಡ ನಿಂತರು. ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕು, ಬಂದದ್ದು 57. ಹನ್ನೊಂದು ವರ್ಷದ ನಂತರ, 2009ರ ಜನವರಿಯಲ್ಲಿ, ಬಡ ಮಕ್ಕಳ ಆರೋಗ್ಯ ವಿಮೆ ವಿಸ್ತರಿಸಲು ಸಿಗರೇಟಿಗೆ 62 ಸೆಂಟ್ ಹೆಚ್ಚಿಸುವ ಮಸೂದೆ ಬಂತು. ಮೆಕೇನ್ ‘ಇಲ್ಲ’. ಮಸೂದೆಯಲ್ಲಿ ಬೇರೆ ತಕರಾರುಗಳಿಗೆ ಜಾಗವಿತ್ತು, ಒಪ್ಪುತ್ತೇನೆ. ಆದರೂ 1998ರ ಮೆಕೇನ್ ಆ ಸಭಾಂಗಣದಲ್ಲಿದ್ದಿದ್ದರೆ 2009ರ ಮೆಕೇನ್ ಜೊತೆ ಒಂದು ಮಾತು ಜಗಳ ಆಡದೆ ಬಿಡುತ್ತಿರಲಿಲ್ಲ.

*

ಎಲ್ಲರೂ ಒಪ್ಪಿದ ಮತವನ್ನು ಸ್ವಲ್ಪ ಹೆಚ್ಚೇ ಅನುಮಾನಿಸಬೇಕು. 1988ರಲ್ಲಿ ಹಿರಿಯ ನಾಗರಿಕರಿಗೆ ಭಾರಿ ಆಸ್ಪತ್ರೆ ಖರ್ಚಿನಿಂದ ರಕ್ಷಣೆ ಕೊಡುವ ಕಾಯ್ದೆ ಬಂತು. ರೇಗನ್ ಸಹಿ ಹಾಕಿದರು. ಹಣ ಎಲ್ಲಿಂದ? ಆ ಹಿರಿಯರಿಂದಲೇ, ಅವರಲ್ಲಿ ಉಳ್ಳವರಿಂದ ಮೊದಲ ವರ್ಷ 800 ಡಾಲರ್‌ವರೆಗೆ ಹೆಚ್ಚುವರಿ ತೆರಿಗೆ. 1989ರ ಆಗಸ್ಟಿನಲ್ಲಿ ಶಿಕಾಗೊದಲ್ಲಿ ಸಿಟ್ಟಿಗೆದ್ದ ಅಜ್ಜ ಅಜ್ಜಿಯರು ತೆರಿಗೆ ಸಮಿತಿಯ ಅಧ್ಯಕ್ಷ ಡ್ಯಾನ್ ರಾಸ್ಟೆಂಕೌಸ್ಕಿಯ ಕಾರಿಗೆ ಅಡ್ಡಗಟ್ಟಿದರು. ಅಷ್ಟು ದೊಡ್ಡ ಮನುಷ್ಯ ಕೊನೆಗೆ ಕಾರಿನಿಂದ ಇಳಿದು ಕಾಲಿಗೆ ಬುದ್ಧಿ ಹೇಳಬೇಕಾಯಿತು. ಅಕ್ಟೋಬರ್‌ನಲ್ಲಿ ಆ ತೆರಿಗೆ ಕಿತ್ತುಹಾಕಿ ಕೆಲವು ಸೌಲಭ್ಯ ಉಳಿಸುವ ಮೆಕೇನ್ ಅವರ ಪ್ರಸ್ತಾಪಕ್ಕೆ ಸೆನೆಟ್‌ನಲ್ಲಿ 99–0. ಕೆಳಮನೆಗೆ ಅದೂ ಸಾಲದಾಯಿತು. ವರ್ಷ ಮುಗಿಯುವುದರೊಳಗೆ ಕಾಯ್ದೆಯ ಬಹುಭಾಗ ಹೋಯಿತು. ಆ 99 ಮತಗಳ ಮೇಲೆ ಕಾರಿಗೆ ಅಡ್ಡ ಬಂದ ಅಜ್ಜಿಯರ ರುಜು ಇದೆ.

*

ಸೌಲಭ್ಯ ಬೇಡ ಎಂದು ಯಾರೂ ಮೆರವಣಿಗೆ ಹೋಗುವುದಿಲ್ಲ. ಅದರ ಬಿಲ್ಲು ತಮ್ಮ ಮನೆಗೆ ಬಂತೆಂದು ಹೋಗುತ್ತಾರೆ.

*

ಗೈರು ಕೂಡ ಒಂದು ಮತವೇ. 2008ರ ಜುಲೈ 9ರಂದು ಹಿರಿಯ ನಾಗರಿಕರ ಸರ್ಕಾರಿ ವಿಮೆ ಮೆಡಿಕೇರ್‌ನ ವೈದ್ಯರ ಶುಲ್ಕದಲ್ಲಿ ಶೇಕಡಾ 10.6 ಕಡಿತವಾಗುವುದನ್ನು ತಡೆಯುವ ಮಸೂದೆಗೆ ಅಡ್ಡಿ ನಿವಾರಿಸಬೇಕಿತ್ತು. ಮೆದುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ತಿಂಗಳು ಕಳೆದಿದ್ದ ಡೆಮಾಕ್ರಟ್ ಸೆನೆಟರ್ ಟೆಡ್ ಕೆನೆಡಿ ಯಾರಿಗೂ ಸುಳಿವು ಕೊಡದೆ ಸಭಾಂಗಣಕ್ಕೆ ಬಂದರು. ಎರಡೂ ಕಡೆಯವರು ಎದ್ದು ನಿಂತರು. ಅವರನ್ನು ನೋಡಿ, ಗಾಳಿ ಎತ್ತ ಬೀಸುತ್ತಿದೆ ಎಂದೂ ನೋಡಿ, ಕೆಲವು ರಿಪಬ್ಲಿಕನ್ನರು ಮತ ಬದಲಿಸಿದರು: 69–30. ಕೂಡಿಸಿದರೆ 99. ಬಾರದಿದ್ದ ಒಬ್ಬರು ಮೆಕೇನ್, ಚುನಾವಣಾ ಪ್ರಚಾರದಲ್ಲಿದ್ದರು. ಒಂಬತ್ತು ವರ್ಷದ ನಂತರ ಅದೇ ಕಾಯಿಲೆಯನ್ನು ತಲೆಯಲ್ಲಿ ಹೊತ್ತು ಅದೇ ಸಭಾಂಗಣಕ್ಕೆ ಮೆಕೇನ್ ಬಂದರು. ಇಬ್ಬರೂ ತೀರಿಕೊಂಡದ್ದು ಆಗಸ್ಟ್ 25ರಂದೇ, ಒಂಬತ್ತು ವರ್ಷದ ಅಂತರದಲ್ಲಿ. ಈ ಕಾಕತಾಳೀಯಕ್ಕೆ ಅರ್ಥ ಹಚ್ಚುವವರಿದ್ದಾರೆ. ನನಗೆ ಆ 99 ಎಂಬ ಅಂಕಿಯೇ ಹೆಚ್ಚು ಹೇಳುತ್ತದೆ.

*

ಸ್ನೇಹಿತನ ಮಸೂದೆಗೆ ‘ಇಲ್ಲ’ ಎನ್ನುವುದು ಪಕ್ಷಕ್ಕೆ ‘ಇಲ್ಲ’ ಎನ್ನುವುದಕ್ಕಿಂತ ಕಷ್ಟ. 2017ರ ಸೆಪ್ಟೆಂಬರ್‌ನಲ್ಲಿ ಒಬಾಮಾಕೇರ್ ರದ್ದತಿಯ ಇನ್ನೊಂದು ಯತ್ನ ನಡೆಯಿತು. ಈ ಸಲ ಅದನ್ನು ತಂದವರಲ್ಲಿ ಮೆಕೇನ್ ಅವರ ಆಪ್ತ ಲಿಂಡ್ಸೆ ಗ್ರಹಾಂ ಇದ್ದರು. ಒಪ್ಪಲಾರೆ ಎಂದು ಮೆಕೇನ್ ಹೇಳಿಕೆ ಕೊಟ್ಟರು, ಕೆಲವೇ ದಿನಗಳಲ್ಲಿ ಮಸೂದೆ ಮತಕ್ಕೇ ಬಾರದೆ ಹೋಯಿತು. ಮತವೇ ನಡೆಯದ್ದರಿಂದ ಪಟ್ಟಿಯಲ್ಲಿ ಇದಕ್ಕೆ ಸಾಲಿಲ್ಲ. ಅವರ ಆರೋಗ್ಯ ನೀತಿಯ ಅತ್ಯಂತ ಪ್ರಾಮಾಣಿಕ ‘ಇಲ್ಲ’ ಬಹುಶಃ ಇದೇ.

*

ಇಷ್ಟೆಲ್ಲ ಅಳೆದು ತೂಗಲು ಸಾಧ್ಯವಾದದ್ದು ಅಲ್ಲಿ ಇಂಥ ಮತಗಳಿಗೆಲ್ಲ ಹೆಸರಿರುವುದರಿಂದ. ನಮ್ಮಲ್ಲಿ ಲೋಕಸಭೆಯಿಂದ ವಿಧಾನಸಭೆಯವರೆಗೆ ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ‘ಹೌದು’ ಎಂದ ಸದ್ದು ದಾಖಲಾಗುತ್ತದೆ, ಬಾಯಿ ಯಾರದ್ದೆಂದು ಇಲ್ಲ. ಹೆಸರು ಹಿಡಿದು ಎಣಿಸಿದರೂ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಇದೆ. ವಿಪ್ ಮೀರಿದವನ ಕುರ್ಚಿಯೇ ಹೋಗಬಹುದು. ಪಕ್ಷಾಂತರ ತಡೆಯಲು ಕಟ್ಟಿದ ಬೇಲಿ ಅದು. ಕುರ್ಚಿ ಜಿಗಿಯುವವರು ಅದನ್ನು ಹಾರಿ ಹೋಗುವುದನ್ನು ಕರ್ನಾಟಕ 2019ರಲ್ಲಿ ಕಣ್ಣಾರೆ ಕಂಡಿದೆ. ಒಂದು ಮಸೂದೆಗೆ ಮಾತ್ರ ಒಲ್ಲೆ ಎನ್ನಬೇಕೆಂದಿರುವ ಶಾಸಕ ಅದೇ ಬೇಲಿಯೊಳಗೆ ಬಂದಿ. ಇಲ್ಲಿ ಹೆಬ್ಬೆರಳು ಕೆಳಗೆ ಮಾಡಿದವನು ಮರುದಿನ ಸ್ಪೀಕರ್ ನೋಟಿಸಿಗೆ ಉತ್ತರ ಬರೆಯುತ್ತಾ ಕೂತಿರುತ್ತಾನೆ.

*

ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇಕಡಾ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು. ಸಂತೋಷದ ಸಂಗತಿ. ಅಷ್ಟು ವರ್ಷ ಅದು ಇರಲಿ ಎಂದವರು ಯಾರು, ಬೇಡ ಎಂದವರು ಯಾರು? ಜಿಎಸ್‌ಟಿ ಮಂಡಳಿ ನಡೆಯುವುದೇ ಒಮ್ಮತದ ಮೇಲೆ. ಅದು ಮೊದಲ ಬಾರಿಗೆ ಮತ ಎಣಿಸಿದ್ದು 2019ರ ಡಿಸೆಂಬರ್‌ನಲ್ಲಿ, ಲಾಟರಿ ತೆರಿಗೆಗೆ.

*

ಒಮ್ಮತದಲ್ಲಿ ಯಾರೂ ಸೋಲುವುದಿಲ್ಲ, ಆದ್ದರಿಂದ ಯಾರೂ ಉತ್ತರ ಹೇಳಬೇಕಾಗಿಯೂ ಇಲ್ಲ.

*

ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಒಬಾಮಾಕೇರ್ ಅನ್ನು ಉಳಿಸಿದ್ದು 5–4ರಲ್ಲಿ. ವಿಮೆ ಕೊಳ್ಳಿ ಎಂದು ಆಜ್ಞೆ ಮಾಡಲು ಕಾಂಗ್ರೆಸ್ಸಿಗೆ ಅಧಿಕಾರವಿಲ್ಲ, ಕೊಳ್ಳದವರ ಮೇಲೆ ತೆರಿಗೆ ಹಾಕಲು ಇದೆ, ಈ ದಂಡವನ್ನು ತೆರಿಗೆ ಎಂದು ಓದಬಹುದು ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಕಾಯ್ದೆ ಮಾಡಿದವರು ಇದು ತೆರಿಗೆಯಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಅವರು ಅಲ್ಲಗಳೆದದ್ದೇ ಅವರನ್ನು ಕಾಪಾಡಿತು.

*

ಮತ ಹಾಕಿದವನ ಕೈ ಬಿಟ್ಟ ಮೇಲೆ ಮತ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. 2017ರ ಡಿಸೆಂಬರ್ 20ರಂದು ತೆರಿಗೆ ಕಡಿತದ ಮಸೂದೆಗೆ ಸೆನೆಟ್‌ನ ಕೊನೆಯ ಮತ ಬಿತ್ತು: 51–48. ಮೆಕೇನ್ ಹೆಸರಿನ ಮುಂದೆ ಗೈರು. ಚಿಕಿತ್ಸೆಯಿಂದ ಬಳಲಿ ಅರಿಜೋನಾಕ್ಕೆ ಮರಳಿದ್ದರು. ಮತ್ತೆ ಸೆನೆಟ್‌ಗೆ ಬರಲಿಲ್ಲ. 2018ರ ಫೆಬ್ರುವರಿಯಲ್ಲಿ ಟೆಕ್ಸಸ್ ಮತ್ತಿತರ ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ದಂಡ ಸೊನ್ನೆಯಾಗಿದೆ, ಸೊನ್ನೆಯನ್ನು ತೆರಿಗೆ ಎನ್ನಲಾಗದು, ಆದ್ದರಿಂದ ರಾಬರ್ಟ್ಸ್ ಕೊಟ್ಟ ಆಧಾರ ಕುಸಿಯಿತು, ಅದರ ಜೊತೆ ಇಡೀ ಕಾಯ್ದೆಯೂ ಹೋಗಬೇಕು ಎಂಬುದು ಅವರ ವಾದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಒಪ್ಪಿಯೇಬಿಟ್ಟರು. 2017ರ ಜುಲೈನ ಹೆಬ್ಬೆರಳು ಉಳಿಸಿದ್ದನ್ನು ಆ ವರ್ಷದ ಡಿಸೆಂಬರ್‌ನ ತೆರಿಗೆ ಮಸೂದೆ ಮೂರೂವರೆ ವರ್ಷ ನೇಣಿನ ಕೆಳಗೆ ನಿಲ್ಲಿಸಿತು. 2021ರ ಜೂನ್ 17ರಂದು ಸುಪ್ರೀಂ ಕೋರ್ಟ್ 7–2ರಲ್ಲಿ ಆ ದಾವೆಯನ್ನು ತಳ್ಳಿಹಾಕಿತು. ಕಾಯ್ದೆ ಸರಿಯೋ ತಪ್ಪೋ ಎಂಬ ಗೊಡವೆಗೇ ಅದು ಹೋಗಲಿಲ್ಲ. ಸೊನ್ನೆ ದಂಡದಿಂದ ಅರ್ಜಿದಾರರಿಗೆ ಆದ ನಷ್ಟವೇನು ಎಂದು ಕೇಳಿತು. ನಷ್ಟ ತೋರಿಸಲಾಗದವರಿಗೆ ದಾವೆ ಹೂಡುವ ಹಕ್ಕೂ ಇಲ್ಲ ಎಂದಿತು.